ಆರಿಹೋದ ದೀಪವನ್ನು ನಂಬಬೇಡಿ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಹದಿನಾಲ್ಕು ವರ್ಷ ಹಳೆಯ ಫೋರ್‌ವೀಲ್ ಡ್ರೈವ್ ಡೀಸೆಲ್ ಗಾಡಿ ಇದೆ. ಈ ಸಲ ಮಳೆ ಹಿಡಿದಂದಿನಿಂದ ಮೀಟರ್ ಬೋರ್ಡಿನಲ್ಲಿ ಹಳದಿ ಎಬಿಎಸ್ ದೀಪ ಹತ್ತಿಕೊಳ್ಳುತ್ತಿದೆ. ಕೆಲವೊಮ್ಮೆ ತೋಟದ ಇಳಿಜಾರಿನಲ್ಲಿ, ಕೆಲವೊಮ್ಮೆ ಟಾರು ರಸ್ತೆಯ ತಿರುವಿನಲ್ಲಿ. ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಆರಿಹೋಗುತ್ತದೆ. ಆಮೇಲೆ ಎರಡು ದಿನ ಅದರ ಸುದ್ದಿಯೇ ಇಲ್ಲ. ಗ್ಯಾರೇಜಿಗೆ ಒಯ್ದ ದಿನವಂತೂ ಹತ್ತುವುದೇ ಇಲ್ಲ. ಒಬ್ಬ ಮೆಕ್ಯಾನಿಕ್ ‘ಎಬಿಎಸ್ ಯೂನಿಟ್ಟೇ ಹೋಗಿದೆ, ಬದಲಾಯಿಸಬೇಕು’ ಎಂದು ಹೇಳಿದ ಮೊತ್ತ ಕೇಳಿ ಎದೆ ಧಸಕ್ಕೆಂದಿತು. ಇನ್ನೊಬ್ಬರು ‘ಹಳೇ ಜೀಪಿಗೆಲ್ಲ ಎಬಿಎಸ್ ಎಲ್ಲಿತ್ತು ಸಾರ್, ಫ್ಯೂಸ್ ತೆಗೆದುಬಿಡೋಣ, ಮೀಟರಿನ ಬಲ್ಬನ್ನೂ ತೆಗೆದರೆ ಚಿಂತೆಯೇ ಇಲ್ಲ’ ಎನ್ನುತ್ತಾರೆ. ಬ್ರೇಕ್ ಹಿಡಿಯುವುದರಲ್ಲಿ ನನಗೇನೂ ವ್ಯತ್ಯಾಸ ಕಾಣುತ್ತಿಲ್ಲ. ಆದರೆ ಮಗಳು ಉಜಿರೆಯಲ್ಲಿ ಓದುತ್ತಿದ್ದಾಳೆ. ಅವಳನ್ನು ಕರೆತರಲು ನನ್ನ ಹೆಂಡತಿ ಇದೇ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಾಳೆ. ಇಬ್ಬರೂ ಮನೆ ಸೇರುವವರೆಗೆ ನನ್ನ ಜೀವದಲ್ಲಿ ಜೀವ ಇರುವುದಿಲ್ಲ. ಗಾಡಿ ಮಾರಿಬಿಡಲೇ? ಹೋದ ಮಾರ್ಚ್‌ನಲ್ಲಿ ಮುಂದಿನ ಎಡಚಕ್ರದ ಬೇರಿಂಗ್ ಹಾಕಿಸಿದ್ದು ಬಿಟ್ಟರೆ ಇತ್ತೀಚೆಗೆ ದೊಡ್ಡ ಕೆಲಸ ಯಾವುದೂ ಆಗಿಲ್ಲ.

— ಒಬ್ಬ ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಗಾಡಿ ಮಾರಬೇಡಿ. ಯೂನಿಟ್ ಬದಲಾಯಿಸುವುದಕ್ಕೂ ಸದ್ಯಕ್ಕೆ ಒಪ್ಪಬೇಡಿ. ಫ್ಯೂಸಿಗೆ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ. ಪತ್ರದ ಕೊನೆಯಲ್ಲಿ, ಹೇಳಿದರೂ ಆಯಿತು ಬಿಟ್ಟರೂ ಆಯಿತು ಎಂಬಂತೆ ನೀವು ಬರೆದಿರುವ ಬೇರಿಂಗಿನ ಮಾತಿನಲ್ಲೇ ಉತ್ತರ ಇರುವ ಸಾಧ್ಯತೆ ಹೆಚ್ಚು. ಅಲ್ಲಿಗೆ ಆಮೇಲೆ ಬರುತ್ತೇನೆ. ನಿಮ್ಮ ಮನೆಯವರು ಈ ವಾರವೇ ಘಾಟಿ ಇಳಿಯಬೇಕಾಗಬಹುದು, ಹಾಗಾಗಿ ಮೊದಲು ಆ ವಿಷಯ.

ಬ್ರೇಕಿಗೆ ಸಂಬಂಧಪಟ್ಟ ದೀಪಗಳು ನಿಮ್ಮ ಮೀಟರಿನಲ್ಲಿ ಎರಡಿವೆ. ಹಳದಿಯದು ಎಬಿಎಸ್. ಕೆಂಪಗಿರುವುದು, ಹ್ಯಾಂಡ್‌ಬ್ರೇಕ್ ಎಳೆದಾಗ ಹತ್ತುತ್ತದಲ್ಲ, ಅದು ಮೂಲ ಬ್ರೇಕಿನದು. ಹಳದಿ ದೀಪ ಒಂದೇ ಹತ್ತಿದ್ದರೆ ಪೆಡಲ್, ಬ್ರೇಕ್ ಆಯಿಲ್, ಪ್ಯಾಡು, ಡ್ರಮ್ಮು ಎಲ್ಲವೂ ಎಂದಿನಂತೆ ಕೆಲಸ ಮಾಡುತ್ತವೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಕಂಪ್ಯೂಟರ್ ಮಾತ್ರ ತನ್ನ ಕೆಲಸದಿಂದ ಹಿಂದೆ ಸರಿದಿರುತ್ತದೆ. ನಿಮಗೆ ವ್ಯತ್ಯಾಸ ಕಾಣದಿರುವುದಕ್ಕೆ ಕಾರಣ ಇದೇ. ದಿನನಿತ್ಯದ ಹದವಾದ ಬ್ರೇಕಿಂಗಿನಲ್ಲಿ ಎಬಿಎಸ್ ಕೈ ಆಡಿಸುವುದೇ ಇಲ್ಲ. ಅದರ ಅಗತ್ಯ ಬೀಳುವುದು ಒದ್ದೆ ರಸ್ತೆಯ ತಿರುವಿನಲ್ಲಿ ಎದುರಿಗೆ ಲಾರಿ ಬಂದ ಆ ಒಂದು ಗಳಿಗೆಯಲ್ಲಿ.

ಹಳದಿಯ ಜೊತೆಗೆ ಕೆಂಪು ದೀಪವೂ ಹತ್ತಿದರೆ ಮಾತು ಬೇರೆ. ಆಗ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಬೇಕು. ಬ್ರೇಕ್ ಆಯಿಲ್ ಇಳಿದಿರಬಹುದು. ಇಲ್ಲವೇ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲ ಹಂಚುವ ಇಬಿಡಿ ಎಂಬ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಫ್ಯೂಸ್ ತೆಗೆಯುವ ಸಲಹೆ ಎಷ್ಟು ಅಪಾಯದ್ದು ಎಂಬುದು ಇಲ್ಲಿದೆ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳು ಹಗುರವಾಗುತ್ತವೆ. ಹಿಂದಕ್ಕೂ ಅಷ್ಟೇ ಬಲ ಕೊಟ್ಟರೆ ಅವು ಮೊದಲೇ ಲಾಕ್ ಆಗಿ ಗಾಡಿಯ ಬಾಲ ಪಕ್ಕಕ್ಕೆ ಜಾರುತ್ತದೆ. ಹಳೆಯ ಜೀಪು, ಪಿಕಪ್‌ಗಳಲ್ಲಿ ಇದನ್ನು ತಡೆಯಲು ಯಂತ್ರದ ವಾಲ್ವ್ ಇರುತ್ತಿತ್ತು. ಇಬಿಡಿ ಬಂದ ಮೇಲೆ ಬಹಳಷ್ಟು ಗಾಡಿಗಳಲ್ಲಿ ಆ ವಾಲ್ವನ್ನು ತೆಗೆದುಹಾಕಿ ಕೆಲಸವನ್ನು ಎಬಿಎಸ್ ಯೂನಿಟ್ಟಿಗೇ ವಹಿಸಿದರು. ಹಾಗಾಗಿ ಫ್ಯೂಸ್ ಕಿತ್ತ ನಿಮ್ಮ ಗಾಡಿ ಹಳೆಯ ಜೀಪಿನ ಸಮಕ್ಕೂ ಬರುವುದಿಲ್ಲ. ಜೀಪಿಗಿದ್ದ ಕಾವಲು ಇದಕ್ಕಿಲ್ಲ, ಇದರದ್ದೇ ಕಾವಲನ್ನು ನಾವೇ ಕಿತ್ತಿರುತ್ತೇವೆ. ಬಲ್ಬನ್ನೂ ತೆಗೆದುಬಿಟ್ಟರೆ ಆ ವಿಷಯ ಗಾಡಿ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಚಾರ್ಮಾಡಿಯಲ್ಲಿ ಮಂಜು ಕವಿದ ಸಂಜೆ, ಸ್ಟೀರಿಂಗ್ ಹಿಡಿದಿರುವುದು ನಿಮ್ಮ ಹೆಂಡತಿ. ಈ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ.

ನಿಮ್ಮ ಹೆಂಡತಿಗೆ ಇಷ್ಟು ತಿಳಿಸಿ. ಹಳದಿ ದೀಪ ದಾರಿಯಲ್ಲಿ ಹತ್ತಿದರೆ ಗಾಬರಿಯಾಗಿ ಬ್ರೇಕ್ ಒತ್ತುವುದು ಬೇಡ. ವೇಗ ತಗ್ಗಿಸಿ, ಮುಂದಿನ ಗಾಡಿಯಿಂದ ಅಂತರ ಹೆಚ್ಚಿಸಿಕೊಂಡು, ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲೇ ಇಂಜಿನ್ನಿನ ಹಿಡಿತದಲ್ಲಿ ಇಳಿಯಬಹುದು. ಬ್ರೇಕನ್ನು ಮೆಲ್ಲಗೆ ಶುರುಮಾಡಿ ಒತ್ತಡ ಏರಿಸುತ್ತ ಹೋಗಬೇಕು. ಚಕ್ರ ಜಾರಿದಂತೆ ಅನ್ನಿಸಿದರೆ ಪಾದವನ್ನು ಕೊಂಚ ಸಡಿಲಿಸಿ ಮತ್ತೆ ಒತ್ತಬೇಕು. ಲಾಕ್ ಆದ ಮುಂದಿನ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ, ಎಷ್ಟು ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತದೆ. ದೀಪ ಆರಿರುವಾಗ, ಅಂದರೆ ಎಬಿಎಸ್ ಕೆಲಸ ಮಾಡುತ್ತಿರುವಾಗ, ಇದಕ್ಕೆ ತದ್ವಿರುದ್ಧ: ಆಪತ್ತಿನಲ್ಲಿ ಪೂರ್ತಿ ಬಲದಿಂದ ಒತ್ತಿ ಹಿಡಿಯಬೇಕು, ಪೆಡಲ್ ಪಾದದಡಿ ಗಡಗಡ ನಡುಗಿದರೂ ಬಿಡಬಾರದು, ಹಾಗೇ ಸ್ಟೀರಿಂಗ್ ತಿರುಗಿಸಿಕೊಂಡು ಪಾರಾಗಬೇಕು. ಆ ನಡುಕಕ್ಕೆ ಹೆದರಿ ಕಾಲು ತೆಗೆಯುವವರು ಬಹಳ ಜನ. ತೋಟದ ಕಣದಂಥ ಬಯಲು ಜಾಗದಲ್ಲಿ, ಸುತ್ತ ಯಾರೂ ಇಲ್ಲದಾಗ, 30 ಕಿಲೋಮೀಟರ್ ವೇಗದಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿಸಿ ಆ ನಡುಕವನ್ನು ಅವರ ಕಾಲಿಗೆ ಪರಿಚಯ ಮಾಡಿಸಿ. ಮಗಳು ಗಾಡಿ ಕಲಿಯುತ್ತಿದ್ದರೆ ಅವಳಿಗೂ ಮಾಡಿಸಿ.

ಇನ್ನು ದೀಪ ಯಾಕೆ ಬಂದು ಹೋಗುತ್ತದೆ ಎಂಬ ಪ್ರಶ್ನೆ. ಪ್ರತಿ ಚಕ್ರದ ಹಬ್ಬಿನ ಬಳಿ ಬೆರಳಿನ ತುದಿಯಷ್ಟು ಒಂದು ಸೆನ್ಸರ್ ಇದೆ. ಚಕ್ರದ ಜೊತೆಗೆ ತಿರುಗುವ ಹಲ್ಲಿನ ಬಳೆಯನ್ನೋ, ಬೇರಿಂಗಿನ ಸೀಲಿನೊಳಗೆ ಅಡಗಿರುವ ಅಯಸ್ಕಾಂತದ ಪಟ್ಟಿಯನ್ನೋ ಅದು ಎಣಿಸುತ್ತ ಇರುತ್ತದೆ. ನಾಲ್ಕು ಚಕ್ರದ ಎಣಿಕೆಯನ್ನು ಕಂಪ್ಯೂಟರ್ ಸದಾ ಹೋಲಿಸಿ ನೋಡುತ್ತದೆ. ಒಂದು ಚಕ್ರದ ಎಣಿಕೆ ಇದ್ದಕ್ಕಿದ್ದಂತೆ ನಿಂತುಹೋದರೆ ಎರಡು ಅರ್ಥ ಸಾಧ್ಯ: ಚಕ್ರವೇ ನಿಂತಿದೆ, ಅಥವಾ ಸೆನ್ಸರ್ ಸುಳ್ಳು ಹೇಳುತ್ತಿದೆ. ಸುಳ್ಳು ಎಂದು ಖಚಿತವಾದರೆ ಕಂಪ್ಯೂಟರ್ ಎಬಿಎಸ್ಸನ್ನು ಬಂದ್ ಮಾಡಿ ದೀಪ ಹತ್ತಿಸುತ್ತದೆ, ಯಾವ ಚಕ್ರದಲ್ಲಿ ತೊಂದರೆ ಎಂಬ ಕೋಡನ್ನು ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನೀವು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಹೊಸದಾಗಿ ಪರೀಕ್ಷೆ ನಡೆಯುತ್ತದೆ; ಆ ಹೊತ್ತಿಗೆ ಎಲ್ಲ ಸರಿಯಿದ್ದರೆ ದೀಪ ಆರುತ್ತದೆ. ಕೋಡ್ ಮಾತ್ರ ಅಳಿಸುವುದಿಲ್ಲ. ವೈದ್ಯರ ಮುಂದೆ ಕೂತಾಗ ಬಿಟ್ಟುಹೋಗಿರುವ ಜ್ವರದ ಹಾಗೆ ಇದು. ಮೈ ತಣ್ಣಗಿದೆ ಎಂದು ಯಾವ ವೈದ್ಯರೂ ರೋಗಿಯನ್ನು ಹಾಗೇ ಕಳಿಸುವುದಿಲ್ಲ. ಗ್ಯಾರೇಜಿನಲ್ಲಿ ದೀಪ ಹತ್ತಲಿಲ್ಲ ಎಂದು ಗಾಡಿ ವಾಪಸ್ ತರುವ ಅಗತ್ಯವೇ ಇರಲಿಲ್ಲ. ಒಳಗಿನ ಕೋಡನ್ನು ಓದಿಸಬೇಕಿತ್ತು.

ಓದಿಸುವಾಗ ಒಂದು ಎಚ್ಚರಿಕೆ. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಸಾಮಾನ್ಯವಾಗಿ ಇಂಜಿನ್ನಿನ ಕೋಡುಗಳನ್ನಷ್ಟೇ ಓದುತ್ತವೆ, ಎಬಿಎಸ್ಸಿನ ಕಂಪ್ಯೂಟರಿನ ಜೊತೆ ಅವು ಮಾತಾಡುವುದಿಲ್ಲ. ‘ಯಾವ ಕೋಡೂ ಇಲ್ಲ ಸಾರ್’ ಎಂದರೆ ಯಾವ ಸ್ಕ್ಯಾನರ್ ಹಾಕಿದ್ದು ಎಂದು ಕೇಳಿ. ನಿಮ್ಮ ಕಂಪನಿಯ ಎಬಿಎಸ್ ಒಳಗೆ ಹೋಗಬಲ್ಲ ಸ್ಕ್ಯಾನರ್ ಇರುವ ಆಟೋ ಎಲೆಕ್ಟ್ರಿಷಿಯನ್ ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಸಿಗುತ್ತಾರೆ. ಎಬಿಎಸ್ಸಿನ ಕೋಡುಗಳು ‘ಸಿ’ ಅಕ್ಷರದಿಂದ ಶುರುವಾಗುತ್ತವೆ. ಉದಾಹರಣೆಗೆ ಟೊಯೋಟಾ ಗಾಡಿಗಳಲ್ಲಿ ಸಿ0200 ಎಂದರೆ ಮುಂದಿನ ಬಲ ಸೆನ್ಸರ್, ಸಿ0205 ಮುಂದಿನ ಎಡ, ಸಿ0210 ಹಿಂದಿನ ಬಲ, ಸಿ0215 ಹಿಂದಿನ ಎಡ. ಬೇರೆ ಕಂಪನಿಗಳ ಅಂಕಿಗಳು ಬೇರೆ ಇರುತ್ತವೆ. ಕೋಡ್ ಬಂದ ಕೂಡಲೇ ಅಳಿಸಲು ಬಿಡಬೇಡಿ. ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಎಷ್ಟು ವೇಗದಲ್ಲಿ, ಎಷ್ಟು ವೋಲ್ಟೇಜಿನಲ್ಲಿ ದೋಷ ಕಂಡಿತು ಎಂಬುದನ್ನು ಕೆಲವು ಗಾಡಿಗಳು ಕೋಡಿನ ಜೊತೆಗೇ ಬರೆದಿಡುತ್ತವೆ, ಅದನ್ನೂ ನೋಡಿಸಿ. ಆಮೇಲೆ ಅಳಿಸಿ, ನಾಲ್ಕಾರು ದಿನ ಓಡಿಸಿ, ಯಾವುದು ಮರಳಿ ಬರುತ್ತದೆ ನೋಡಿ. ಮರಳಿ ಬಂದದ್ದೇ ನಿಜವಾದ ದೋಷ. ಹಳೆಯ ಗಾಡಿಯಲ್ಲಿ ಎಂದೋ ಬ್ಯಾಟರಿ ಇಳಿದಾಗ ಬಿದ್ದ ಕೋಡುಗಳೂ ಕೂತಿರುತ್ತವೆ, ಅವುಗಳ ಬೆನ್ನು ಹತ್ತಿದರೆ ದುಡ್ಡು ದಂಡ.

ಸ್ಕ್ಯಾನರಿನಲ್ಲಿ ಇನ್ನೂ ಒಂದು ಸೌಲಭ್ಯ ಇದೆ, ಮೆಕ್ಯಾನಿಕ್‌ಗಳು ಅದನ್ನು ಬಳಸುವುದು ಕಡಿಮೆ. ಗಾಡಿ ಓಡುತ್ತಿರುವಾಗಲೇ ನಾಲ್ಕು ಚಕ್ರದ ವೇಗವನ್ನೂ ಪಕ್ಕಪಕ್ಕದಲ್ಲಿ ತೋರಿಸುವ ಲೈವ್ ಡೇಟಾ. ಎಲೆಕ್ಟ್ರಿಷಿಯನ್ ಪಕ್ಕದ ಸೀಟಿನಲ್ಲಿ ಕೂರಲಿ, ನೀವು ನೇರ ರಸ್ತೆಯಲ್ಲಿ 20–30 ಕಿಲೋಮೀಟರ್ ವೇಗದಲ್ಲಿ ಹೋಗಿ. ನಾಲ್ಕೂ ಅಂಕಿ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕು. ತಿರುವಿನಲ್ಲಿ ಹೊರಗಿನ ಚಕ್ರ ತುಸು ಹೆಚ್ಚು ತೋರಿಸುವುದು ಸಹಜ. ಒಂದು ಚಕ್ರ ಮಾತ್ರ 24, 25 ಎಂದು ತೋರಿಸುತ್ತ ಗುಂಡಿಗೆ ಇಳಿದೊಡನೆ ಸೊನ್ನೆಗೆ ಬಿದ್ದು ಮತ್ತೆ 25ಕ್ಕೆ ಏರಿದರೆ ಕಳ್ಳ ಸಿಕ್ಕಿಬಿದ್ದಂತೆ. ಮೂಡಿಗೆರೆ ಸುತ್ತಿನ ರಸ್ತೆಯಲ್ಲಿ ಗುಂಡಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಈಗ ಬೇರಿಂಗಿನ ಮಾತು. ಮಾರ್ಚ್‌ನಲ್ಲಿ ಎಡ ಮುಂಚಕ್ರದ ಬೇರಿಂಗ್ ಬದಲಾಯಿತು, ಮಳೆ ಶುರುವಾದಾಗ ದೀಪ ಹತ್ತತೊಡಗಿತು, ತಿರುವಿನಲ್ಲೂ ಒರಟು ಇಳಿಜಾರಿನಲ್ಲೂ ಹತ್ತುತ್ತದೆ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿ. ಬೇರಿಂಗ್ ಬಿಚ್ಚಬೇಕಾದರೆ ಸೆನ್ಸರನ್ನು ಹೊರಗೆಳೆಯಬೇಕು, ಇಲ್ಲವೇ ಅದರ ವೈರನ್ನು ಕ್ಲಿಪ್ಪುಗಳಿಂದ ಬಿಡಿಸಬೇಕು. ಅಯಸ್ಕಾಂತದ ಪಟ್ಟಿ ಇರುವ ಬೇರಿಂಗನ್ನು ತಿರುವುಮುರುವು ಕೂರಿಸಿದ್ದರೆ, ಅಥವಾ ಪಟ್ಟಿಯೇ ಇಲ್ಲದ ಬೇರಿಂಗ್ ಹಾಕಿದ್ದರೆ ಎಣಿಕೆ ಮೊದಲ ದಿನದಿಂದಲೇ ಬರುತ್ತಿರಲಿಲ್ಲ, ದೀಪ ಸದಾ ಹತ್ತಿರುತ್ತಿತ್ತು. ನಿಮ್ಮದು ಬಂದು ಹೋಗುವ ದೀಪ. ಹಾಗಾಗಿ ನನ್ನ ಅನುಮಾನ ಮೊದಲು ವೈರಿನ ಮೇಲೆ, ಆಮೇಲೆ ಸೆನ್ಸರ್ ಕೂತಿರುವ ಜಾಗದ ಮೇಲೆ, ಕೊನೆಗೆ ಬೇರಿಂಗಿನ ಸಡಿಲಿನ ಮೇಲೆ.

ಮಟ್ಟಸ ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎಡಭಾಗವನ್ನು ಜಾಕ್ ಮೇಲೆತ್ತಿ ಕೆಳಗೆ ಸ್ಟ್ಯಾಂಡ್ ಕೊಡಿಸಿ. ಬರೀ ಜಾಕಿನ ನಂಬಿಕೆಯ ಮೇಲೆ ಯಾರೂ ಕೈ ಒಳಗೆ ಹಾಕಬಾರದು. ಚಕ್ರ ಬಿಚ್ಚಿದರೆ ಹಬ್ಬಿನ ಹಿಂದಿನಿಂದ ಹೊರಟು ಸಸ್ಪೆನ್ಷನ್ ತೋಳಿನ ಮೇಲೆ ಸಾಗಿ, ಮಡ್‌ಗಾರ್ಡಿನ ಒಳಗೋಡೆಗೆ ಹೋಗುವ ಪೆನ್ಸಿಲ್ ದಪ್ಪದ ಕಪ್ಪು ವೈರ್ ಕಾಣುತ್ತದೆ. ಅದು ಎರಡು ಮೂರು ಕಡೆ ರಬ್ಬರ್ ತುಂಡಿನ ಮೂಲಕ ಬ್ರಾಕೆಟ್ಟಿಗೆ ಕಚ್ಚಿಕೊಂಡಿರಬೇಕು. ಬಲಗಡೆಯ ಚಕ್ರದಲ್ಲಿ ಯಾರೂ ಕೈಯಾಡಿಸಿಲ್ಲವಾದ್ದರಿಂದ ಅಲ್ಲಿ ಹೇಗಿದೆ ನೋಡಿ, ಎಡಗಡೆ ಹಾಗೇ ಇದೆಯೇ ಹೋಲಿಸಿ. ಒಂದು ಕ್ಲಿಪ್ ಕೂಡ ಬಿಟ್ಟುಹೋಗಿದ್ದರೆ ವೈರ್ ಜೋತುಬಿದ್ದು, ಸ್ಟೀರಿಂಗ್ ಪೂರ್ತಿ ತಿರುಗಿದಾಗ ಟೈರಿಗೆ ಉಜ್ಜುತ್ತದೆ ಅಥವಾ ಚಕ್ರ ಗುಂಡಿಗೆ ಇಳಿದಾಗ ಬಿಗಿಯಾಗಿ ಎಳೆಯಲ್ಪಡುತ್ತದೆ. ಮೇಲಿನ ರಬ್ಬರ್ ನುಣ್ಣಗೆ ಹೊಳೆಯುತ್ತಿದ್ದರೆ ಉಜ್ಜಿದ ಗುರುತು. ರಬ್ಬರ್ ಸರಿಯಾಗಿದ್ದೂ ಒಳಗಿನ ತಾಮ್ರದ ಎಳೆಗಳು ತುಂಡಾಗಿರುವುದು ಬಹಳ ಸಾಮಾನ್ಯ. ವೈರನ್ನು ಎರಡು ಬೆರಳಿನ ನಡುವೆ ಹಿಡಿದು ಉದ್ದಕ್ಕೂ ಮೆಲ್ಲಗೆ ಬಾಗಿಸುತ್ತ ಹೋದರೆ ಒಂದು ಜಾಗದಲ್ಲಿ ಮಾತ್ರ ಅದು ಬಲವಿಲ್ಲದೆ ಮಡಚಿಕೊಳ್ಳುತ್ತದೆ. ಅಲ್ಲಿ ಬಿಡಿಸಿ ನೋಡಿದರೆ ತಾಮ್ರ ಹಸಿರುಗಟ್ಟಿರುತ್ತದೆ. ಒಣ ಹವೆಯಲ್ಲಿ ತುದಿಗೆ ತುದಿ ತಗುಲಿಕೊಂಡು ಕೆಲಸ ನಡೆಯುತ್ತದೆ. ಮಳೆನೀರು ಒಳಗಿಳಿದ ದಿನ, ಸ್ಟೀರಿಂಗ್ ತಿರುಗಿದ ಗಳಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ನಿಮ್ಮ ಗಾಡಿಯ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮಲೆನಾಡಿನ ಶೆಡ್ಡುಗಳಲ್ಲಿ ಇಲಿ ಕಡಿದ ವೈರೂ ಅಪರೂಪವಲ್ಲ, ಹಲ್ಲಿನ ಗುರುತು ಇದೆಯೇ ಎಂದೂ ನೋಡಿ.

ಅಂಥ ಜಾಗ ಸಿಕ್ಕಿದರೆ ಬೆಸುಗೆ ಹಾಕಿ ಟೇಪ್ ಸುತ್ತಿಸಬೇಡಿ. ಚಕ್ರದ ಜೊತೆ ದಿನವೂ ಬಾಗುವ ವೈರಿನಲ್ಲಿ ಬೆಸುಗೆ ಗಡುಸಾಗಿ ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ವೈರ್ ಸಮೇತ ಬರುವ ಹೊಸ ಸೆನ್ಸರನ್ನೇ ಹಾಕಿಸಿ, ಕ್ಲಿಪ್ಪುಗಳನ್ನೂ ಹೊಸದು ಕೇಳಿ ಪಡೆಯಿರಿ.

ವೈರ್ ಸರಿಯಿದ್ದರೆ ಕಪ್ಲರ್ ಬಿಚ್ಚಿ ನೋಡಿ. ಒಳಗೆ ನೀರಿನ ಪಸೆ, ಹಸಿರು ಹುಡಿ ಇದ್ದರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಿಸಬೇಕು. ಪೆಟ್ರೋಲ್ ಬೇಡ, ಚಕ್ರದ ಗ್ರೀಸೂ ಬೇಡ. ಆಮೇಲೆ ಸೆನ್ಸರಿನ ಸರದಿ. ಅದರ ತುದಿಗೂ ಹಲ್ಲಿನ ಬಳೆಗೂ ನಡುವೆ ಇರಬೇಕಾದ ಅಂತರ ಸುಮಾರು ಒಂದು ಮಿಲಿಮೀಟರ್. ಹಬ್ಬಿನ ಮೇಲೆ ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಎದ್ದರೆ ಅದು ಸೆನ್ಸರನ್ನು ಅಡಿಯಿಂದ ಮೇಲಕ್ಕೆ ನೂಕುತ್ತದೆ, ಅಂತರ ಹೆಚ್ಚುತ್ತದೆ, ಎಣಿಕೆ ಮಂಕಾಗುತ್ತದೆ. ಬೇರಿಂಗ್ ಹಾಕುವಾಗ ಆ ಜಾಗವನ್ನು ಉಜ್ಜಿ ಶುಚಿಮಾಡದೆ ಹಾಗೇ ಕೂರಿಸಿದ್ದರೂ ಇದೇ ಪರಿಣಾಮ. ತುದಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಬಟ್ಟೆಯಿಂದ ಒರೆಸಬೇಕು. ಸೆನ್ಸರ್ ತುಕ್ಕು ಹಿಡಿದು ಬಿಗಿದಿದ್ದರೆ ಕಟಿಂಗ್ ಪ್ಲೇಯರಿನಿಂದ ತಿರುಚಬಾರದು, ಪ್ಲಾಸ್ಟಿಕ್ ತಲೆ ಮುರಿದು ಕೈಗೆ ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು ಒಳ್ಳೆಯದು.

ಇಲ್ಲೊಂದು ಲಕ್ಷಣವನ್ನು ನೀವು ಬರೆದಿಲ್ಲ, ಆದರೂ ಗಮನಿಸಿ. ಗೇಟಿನ ಬಳಿ ನಿಧಾನವಾಗಿ ನಿಲ್ಲಿಸುವಾಗ, ಗಾಡಿ ಇನ್ನೇನು ನಿಂತಿತು ಎನ್ನುವಷ್ಟರಲ್ಲಿ, ಒಣ ರಸ್ತೆಯಲ್ಲೂ ಪೆಡಲ್ ಗಡಗಡಿಸಿ ಗಾಡಿ ಒಂದಡಿ ಮುಂದೆ ಜಾರುತ್ತದೆಯೇ? ಹಳೆಯ ಮಾದರಿಯ ಸೆನ್ಸರಿನಲ್ಲಿ ಚಕ್ರ ನಿಧಾನವಾದಷ್ಟೂ ಸಂಕೇತ ಕ್ಷೀಣಿಸುತ್ತದೆ. ತುಕ್ಕಿನಿಂದ ಅಂತರ ಹೆಚ್ಚಿದ್ದರೆ ಕೊನೆಯ ಕೆಲವು ಕಿಲೋಮೀಟರ್ ವೇಗದಲ್ಲಿ ಅದು ಪೂರ್ತಿ ಮಾಯವಾಗುತ್ತದೆ. ಚಕ್ರ ಲಾಕ್ ಆಯಿತೆಂದು ತಿಳಿದ ಕಂಪ್ಯೂಟರ್ ಬ್ರೇಕ್ ಸಡಿಲಿಸುತ್ತದೆ. ಇದರಲ್ಲಿ ದೀಪ ಹತ್ತದೆಯೂ ಇರಬಹುದು. ಹೀಗಾಗುತ್ತಿದ್ದರೆ ರಿಪೇರಿಯನ್ನು ಒಂದು ದಿನವೂ ಮುಂದೂಡಬೇಡಿ.

ಮೀಟರ್ ಹಿಡಿದು ಪರೀಕ್ಷಿಸುವ ಎಲೆಕ್ಟ್ರಿಷಿಯನ್‌ಗೂ ಒಂದು ಮಾತು ತಿಳಿಸಿ. ಹಳೆಯ ಬಗೆಯ, ಸುರುಳಿ ಇರುವ ಸೆನ್ಸರ್ ಆದರೆ ಅದರ ರೆಸಿಸ್ಟೆನ್ಸ್ ಸಾಮಾನ್ಯವಾಗಿ 800ರಿಂದ 2,000 ಓಮ್ ಆಸುಪಾಸಿನಲ್ಲಿರುತ್ತದೆ. ಎಡ ಬಲ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು, ವೈರ್ ಅಲುಗಿಸಿದಾಗ ಅಂಕಿ ಕುಣಿಯಬಾರದು. ಸೆನ್ಸರಿನೊಳಗೇ ಎಲೆಕ್ಟ್ರಾನಿಕ್ ಚಿಪ್ ಇರುವ ಹೊಸ ಬಗೆಯದಾದರೆ ಓಮ್ ಮೀಟರ್ ಹಚ್ಚಬಾರದು. ಅಳತೆಯಿಂದ ಏನೂ ತಿಳಿಯುವುದಿಲ್ಲ, ಚಿಪ್ ಕೆಡುವ ಅಪಾಯವೂ ಇದೆ. ಅದಕ್ಕೆ ಲೈವ್ ಡೇಟಾ ಒಂದೇ ದಾರಿ.

ಫೋರ್‌ವೀಲ್ ಡ್ರೈವ್ ಎಂಬ ಕಾರಣಕ್ಕೆ ಕೆಲವು ವಿಷಯಗಳನ್ನು ಬೇರೆಯಾಗಿ ನೋಡಬೇಕು. ತೋಟದ ಇಳಿಜಾರಿನಲ್ಲಿ ದೀಪ ಹತ್ತಿದಾಗ ಫೋರ್‌ವೀಲ್ ಲಿವರ್ ಎಲ್ಲಿತ್ತು ಎಂಬುದನ್ನು ನೀವು ಬರೆದಿಲ್ಲ. ಲೋ ರೇಂಜಿಗೆ ಹಾಕಿದಾಗ ಅಥವಾ ಡಿಫರೆನ್ಷಿಯಲ್ ಲಾಕ್ ಮಾಡಿದಾಗ ಕೆಲವು ಗಾಡಿಗಳು ಬೇಕೆಂದೇ ಎಬಿಎಸ್ ಬಂದ್ ಮಾಡಿ ದೀಪ ಹತ್ತಿಸುತ್ತವೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇದು ಬರೆದಿರುತ್ತದೆ. ಕೆಸರಿನಲ್ಲಿ ಒಂದು ಚಕ್ರ ಹೂತು ಇನ್ನೊಂದು ಬಹಳ ಹೊತ್ತು ಸುಮ್ಮನೆ ತಿರುಗಿದರೂ ಕಂಪ್ಯೂಟರ್ ಗೊಂದಲಗೊಂಡು ದೀಪ ಹಚ್ಚಬಹುದು, ಮರುಸ್ಟಾರ್ಟಿಗೆ ಅದು ಹೋಗುತ್ತದೆ. ಇವೆರಡೂ ರೋಗಗಳಲ್ಲ. ಆದರೆ ಟಾರು ರಸ್ತೆಯ ತಿರುವಿನಲ್ಲಿ, ಲಿವರ್ ಟೂವೀಲಿನಲ್ಲಿದ್ದಾಗ ಹತ್ತಿದ ದೀಪಕ್ಕೆ ಈ ಸಮಾಧಾನ ಹೇಳಿಕೊಳ್ಳುವಂತಿಲ್ಲ. ಆದ್ದರಿಂದ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಪುಟ್ಟ ಪುಸ್ತಕ ಇಡಿ. ದೀಪ ಹತ್ತಿದಾಗಲೆಲ್ಲ, ಗಾಡಿ ನಿಲ್ಲಿಸಿದ ಮೇಲೆ, ಮಳೆಯೋ ಬಿಸಿಲೋ, ಎಡಕ್ಕೆ ತಿರುಗಿತ್ತೋ ಬಲಕ್ಕೋ, ವೇಗ ಎಷ್ಟು, ಲಿವರ್ ಎಲ್ಲಿತ್ತು, ಹೆಡ್‌ಲೈಟ್ ಹಾಕಿತ್ತೇ ಎಂದು ಬರೆಯಿರಿ. ನಿಮ್ಮ ಮನೆಯವರೂ ಬರೆಯಲಿ. ಇಂಥ ಒಂದು ಹಾಳೆ ಕೈಯಲ್ಲಿದ್ದರೆ ಎಲೆಕ್ಟ್ರಿಷಿಯನ್‌ನ ಅರ್ಧ ಕೆಲಸ ಮುಗಿದಿರುತ್ತದೆ.

ಹೆಡ್‌ಲೈಟಿನ ಮಾತು ಯಾಕೆಂದರೆ, ಬ್ಯಾಟರಿ ಸೋತಿದ್ದರೂ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡದಿದ್ದರೂ ಎಬಿಎಸ್ ಬಂದ್ ಆಗುತ್ತದೆ. ತೋಟದ ಗಾಡಿಗಳಿಗೆ ದೊಡ್ಡ ಫಾಗ್ ಲೈಟು, ಎಲ್‌ಇಡಿ ಪಟ್ಟಿ, ವಿಂಚು ಹಾಕಿಸಿರುತ್ತಾರೆ. ಅವುಗಳ ಅರ್ಥಿಂಗನ್ನು ಕೈಗೆ ಸಿಕ್ಕ ಬೋಲ್ಟಿಗೆ ಬಿಗಿದಿರುತ್ತಾರೆ. ಬೆಳಗಿನ ಮೊದಲ ಸ್ಟಾರ್ಟಿಗೇ ದೀಪ ಉಳಿದರೆ ಅನುಮಾನ ಬ್ಯಾಟರಿಯ ಮೇಲಿರಲಿ. ಟರ್ಮಿನಲ್ ಉಜ್ಜಿಸಿ, ಅರ್ಥಿಂಗ್ ಬೋಲ್ಟುಗಳನ್ನು ಬಿಚ್ಚಿ ಶುಚಿ ಮಾಡಿಸಿ. ಅದಕ್ಕೆ ಖರ್ಚೇ ಇಲ್ಲ.

ಹಳೆಯ ಫೋರ್‌ವೀಲ್ ಗಾಡಿಗಳಲ್ಲಿ ಗೇರ್ ಕನ್ಸೋಲಿನ ಅಡಿಯಲ್ಲೋ ಸೀಟಿನ ಕೆಳಗೋ ಜಿ ಸೆನ್ಸರ್ ಎಂಬ ಒಂದು ಪುಟ್ಟ ಡಬ್ಬಿಯೂ ಇರುವುದುಂಟು. ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಜಾರುವ ಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೇ ನಿಧಾನವಾಗಿಬಿಡಬಹುದು, ಆಗ ಗಾಡಿಯೇ ನಿಂತಿತೆಂದು ಕಂಪ್ಯೂಟರ್ ಮೋಸಹೋಗುತ್ತದೆ. ಗಾಡಿ ನಿಜವಾಗಿ ಎಷ್ಟು ವೇಗ ಕಳೆದುಕೊಂಡಿತು ಎಂದು ಈ ಡಬ್ಬಿ ಹೇಳುತ್ತದೆ. ಕಾರ್ಪೆಟ್ ತೆಗೆದು ತೊಳೆದಾಗ ಅದರ ಬೋಲ್ಟ್ ಸಡಿಲ ಬಿಟ್ಟರೆ ಅದೂ ಒಂದು ಕೋಡ್ ಹಾಕುತ್ತದೆ. ಜೊತೆಗೆ ನಾಲ್ಕೂ ಟೈರಿನ ಸೈಜ್ ಒಂದೇ ಇದೆಯೇ ನೋಡಿ. ಹೊಸ ಟೈರಿಗೂ ಸವೆದದ್ದಕ್ಕೂ ಸುತ್ತಳತೆಯಲ್ಲಿ ಶೇಕಡಾ ಒಂದೂವರೆಯಷ್ಟು ವ್ಯತ್ಯಾಸ ಬರುತ್ತದೆ, ಅದನ್ನು ಎಬಿಎಸ್ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಸೈಜೇ ಬೇರೆಯಾದರೆ ಸಹಿಸುವುದಿಲ್ಲ, ಫೋರ್‌ವೀಲಿನ ಗೇರುಗಳೂ ಸಹಿಸುವುದಿಲ್ಲ.

ಯೂನಿಟ್ ಬದಲಾಯಿಸಬೇಕೆಂದ ಮೆಕ್ಯಾನಿಕ್ ಮೋಸಗಾರರೆಂದು ನಾನು ಹೇಳಲಾರೆ. ಸ್ಕ್ಯಾನರ್ ಇಲ್ಲದೆ ನೋಡಿದರೆ ದುಬಾರಿ ಪೆಟ್ಟಿಗೆಯೇ ಕಣ್ಣಿಗೆ ಬೀಳುತ್ತದೆ. ಆದರೆ ಯೂನಿಟ್ಟಿನ ಬೆಲೆ ಸೆನ್ಸರಿನ ಹಲವು ಪಟ್ಟು. ಪಂಪಿನ ಮೋಟಾರಿನದೋ ಒಳಗಿನ ವಾಲ್ವಿನದೋ ಕೋಡ್ ಸ್ಪಷ್ಟವಾಗಿ ಬಂದು, ಅದರ ಫ್ಯೂಸು, ರಿಲೇ, ಅರ್ಥಿಂಗ್ ಎಲ್ಲ ಸರಿ ಎಂದು ಖಚಿತವಾದ ಮೇಲಷ್ಟೇ ಅದರ ಮಾತೆತ್ತಬೇಕು. ಆಗಲೂ ಹೊಸದನ್ನು ಕೊಳ್ಳುವ ಮೊದಲು ಯೂನಿಟ್ ರಿಪೇರಿ ಮಾಡುವವರನ್ನು ವಿಚಾರಿಸಬಹುದು. ಗುಜರಿಯಿಂದ ತಂದು ಹಾಕಿಸುವುದು ಬೇಡ. ಒಳಗಿನ ಸ್ಥಿತಿ ಯಾರಿಗೂ ಗೊತ್ತಿರುವುದಿಲ್ಲ, ಕಣ್ಣಿಗೆ ಒಂದೇ ಥರ ಕಂಡ ಯೂನಿಟ್ ನಿಮ್ಮ ಗಾಡಿಗೆ ಹೊಂದದೆಯೂ ಇರಬಹುದು. ಇದು ಬ್ರೇಕಿನ ವಿಷಯ.

ಯೂನಿಟ್ ಬಹುಕಾಲ ಬಾಳಬೇಕೆಂದಿದ್ದರೆ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದದ ಘಾಟಿಯಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಆಯಿಲ್ ಕುದಿದು ಪೆಡಲ್ ಕೆಳಗಿಳಿಯಬಹುದು. ತೇವದಿಂದ ಯೂನಿಟ್ಟಿನ ಸಣ್ಣ ವಾಲ್ವುಗಳಿಗೂ ತುಕ್ಕು ಹಿಡಿಯುತ್ತದೆ. ನಿಮ್ಮ ಗಾಡಿಯ ಆಯಿಲ್ ಕೊನೆಯ ಬಾರಿ ಯಾವಾಗ ಬದಲಾಯಿತು ಎಂದು ನೆನಪಿಲ್ಲದಿದ್ದರೆ ಈ ರಿಪೇರಿಯ ಜೊತೆಗೇ ಮಾಡಿಸಿಬಿಡಿ. ಹೇಗೂ ಮುಂದಿನ ವರ್ಷ ಹದಿನೈದು ತುಂಬಿ ಆರ್‌ಸಿ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕಾಗುತ್ತದೆ.

ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ನಿಮ್ಮ ಗಾಡಿಗೆ ಅದಕ್ಕೂ ಬಹಳ ಮೊದಲೇ ಅದು ಇದ್ದದ್ದು ನಿಮ್ಮ ಪುಣ್ಯ, ಕೆಲವು ಸಾವಿರ ರೂಪಾಯಿಯ ವೈರಿಗಾಗಿ ಅದನ್ನು ಕಳೆದುಕೊಳ್ಳಬೇಡಿ. ಯಾವ ಕೋಡ್ ಬಂತು, ಎಡಚಕ್ರದ ವೈರ್ ಯಾವ ಸ್ಥಿತಿಯಲ್ಲಿತ್ತು ಎಂದು ಬರೆದು ತಿಳಿಸಿ, ಮುಂದಿನದನ್ನು ನೋಡೋಣ. ಒಂದು ವಿಷಯಕ್ಕೆ ಮಾತ್ರ ನನ್ನ ಉತ್ತರಕ್ಕೆ ಕಾಯಬೇಡಿ. ಜಾಕ್ ಮೇಲಿದ್ದಾಗ ಆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿಸಿ. ಟಕ್ ಟಕ್ ಎಂದು ಸಡಿಲು ಕಂಡರೆ ಮಾರ್ಚ್‌ನಲ್ಲಿ ಹಾಕಿದ ಬೇರಿಂಗ್ ಸರಿಯಾಗಿ ಕೂತಿಲ್ಲದಿರಬಹುದು, ಅಂದೇ ಬಿಚ್ಚಿಸಿ. ಅದು ಸರಿಯಾಗುವವರೆಗೆ ನಿಮ್ಮ ಮಗಳು ಬಸ್ಸಿನಲ್ಲಿ ಬರಲಿ. ಚಕ್ರ ಸಡಿಲವಿರುವ ಗಾಡಿ ಚಾರ್ಮಾಡಿ ಇಳಿಯಕೂಡದು.